ಸಿಸ್ಟಮ್ ನಿಂತರೂ ವ್ಯವಹಾರ ನಿಲ್ಲಬಾರದು: ಹೊರಗಿನವರ ಐಟಿ ಸೇವೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ ಕಡೆಯ ಅಡಿಕೆ ಮಂಡಿ, ರೈಸ್ ಮಿಲ್, ಫೌಂಡ್ರಿ, ರಕ್ತಪರೀಕ್ಷೆಯ ಲ್ಯಾಬ್‌ಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಐದು ಸಿಸ್ಟಮ್ ಇರುವ ಕಚೇರಿಯಿಂದ ಹಿಡಿದು ನಲವತ್ತು ಸಿಸ್ಟಮ್ ಇರುವ ಕಾರ್ಖಾನೆಯವರೆಗೆ ಓಡಾಡುತ್ತೇನೆ. ಮಾಲೀಕರು, ಮ್ಯಾನೇಜರ್‌ಗಳು, ಲೆಕ್ಕ ಬರೆಯುವವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಕಾಗದಕ್ಕೆ ಸಹಿ ಹಾಕುವ ಮೊದಲು ಒಮ್ಮೆ ಓದಿ.

ನಮ್ಮಲ್ಲಿರುವುದು ಆರೇ ಸಿಸ್ಟಮ್. ಕೆಟ್ಟಾಗ ಗೊತ್ತಿರುವ ಹುಡುಗನನ್ನು ಕರೆಸುತ್ತೇವೆ. ಅಷ್ಟು ಸಾಲದೇ?

ಹುಡುಗ ಕೆಲಸ ಬಲ್ಲವನಾದರೆ ರಿಪೇರಿಗೆ ಸಾಕು. ಆದರೆ ಅವನು ಬರುವುದು ಕೆಟ್ಟ ಮೇಲೆ. ಕೆಟ್ಟಿದೆ ಅಂತ ನಿಮಗೆ ಗೊತ್ತಾಗುವುದೋ, ರೈತರು ಮೂಟೆ ಇಳಿಸಿ ಪಟ್ಟಿಗೆ ಕಾಯುತ್ತಾ ಕೂತಿರುವಾಗ. ಅವನು ಆ ಹೊತ್ತಿಗೆ ಭದ್ರಾವತಿಯಲ್ಲಿ ಇನ್ನೊಬ್ಬರ ಪ್ರಿಂಟರ್ ಬಿಚ್ಚಿಕೊಂಡು ಕೂತಿರುತ್ತಾನೆ. ಅವನ ತಪ್ಪೇನೂ ಅಲ್ಲ, ಅವನಿಗೆ ದುಡ್ಡು ಬರುವುದೇ ಕೆಟ್ಟದ್ದನ್ನು ಸರಿ ಮಾಡಿದಾಗ.

ತಿಂಗಳ ಲೆಕ್ಕದಲ್ಲಿ ಸೇವೆ ಕೊಡುವವರಿಗೆ ನಿಮ್ಮ ಸಿಸ್ಟಮ್ ಕೆಡದಿದ್ದರೇ ಲಾಭ. ಅವರು ಬಂದಾಗ ಹಾರ್ಡ್ ಡಿಸ್ಕ್ ನೋಡಬೇಕು. ಡಿಸ್ಕ್ ತನ್ನ ಆರೋಗ್ಯದ ವರದಿಯನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದರಲ್ಲಿ ಕೆಟ್ಟ ಸೆಕ್ಟರ್‌ಗಳ ಎಣಿಕೆ ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕನ್ನು ಭಾನುವಾರ ಬದಲಾಯಿಸಬಹುದು. ಎಲ್ಲಾ ಡಿಸ್ಕ್‌ಗಳೂ ಮುನ್ಸೂಚನೆ ಕೊಟ್ಟೇ ಸಾಯುವುದಿಲ್ಲ. ಕೊಟ್ಟವನ್ನಾದರೂ ಹಿಡಿದರೆ ಸೋಮವಾರ ಬೆಳಿಗ್ಗೆಯ ವ್ಯಾಪಾರ ಉಳಿಯುತ್ತದೆ.

ಒಂದು ದಿನ ನಿಂತರೆ ಎಷ್ಟು ನಷ್ಟ ಅಂತ ಲೆಕ್ಕ ಹಾಕುವುದು ಹೇಗೆ?

ಮೊದಲು ಸಂಬಳದಿಂದ ಶುರು ಮಾಡಿ. ಸಿಸ್ಟಮ್ ಇಲ್ಲದೆ ಕೈಕಟ್ಟಿ ಕೂರುವವರು 12 ಜನ, ಸರಾಸರಿ ಸಂಬಳ ₹20,000 ಅಂದುಕೊಳ್ಳೋಣ. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ, ಅಂದರೆ 208 ಗಂಟೆ. ಒಬ್ಬರಿಗೆ ಗಂಟೆಗೆ ಸುಮಾರು ₹96, ಹನ್ನೆರಡು ಜನಕ್ಕೆ ₹1,150ರ ಆಸುಪಾಸು. ಆರು ಗಂಟೆ ನಿಂತರೆ ₹6,900.

ಇದನ್ನು ಕೇಳಿ ಅನೇಕರು "ಅಷ್ಟೇನಾ" ಅನ್ನುತ್ತಾರೆ. ಸಂಬಳ ಕೂಡುವುದು ಸುಲಭ, ಆದ್ದರಿಂದ ಅದನ್ನು ಮೊದಲು ಹೇಳಿದೆ. ಲೋಡಾದ ಲಾರಿ ಬಿಲ್ ಇಲ್ಲದೆ ಗೇಟಿನಲ್ಲಿ ನಿಂತಿದ್ದಕ್ಕೆ ಕೊಡಬೇಕಾದ ಬಾಡಿಗೆ, ಪಕ್ಕದ ಮಂಡಿಗೆ ಹೋದ ರೈತ, ತಡವಾದ ಜಿಎಸ್‌ಟಿ ರಿಟರ್ನಿನ ಬಡ್ಡಿ, ಮರುದಿನ ರಾತ್ರಿ ಕೂತು ಎಂಟ್ರಿ ಹಾಕಿದವರ ಓವರ್‌ಟೈಮ್, ಇವನ್ನೂ ಸೇರಿಸಿ. ನಿಮ್ಮ ಕಳೆದ ವರ್ಷದ ಒಂದು ಕೆಟ್ಟ ದಿನವನ್ನು ನೆನಪಿಸಿಕೊಂಡು ಒಂದು ಹಾಳೆಯಲ್ಲಿ ಬರೆಯಿರಿ. ಸೇವೆಗೆ ಎಷ್ಟು ಕೊಡಬಹುದು ಅನ್ನುವುದನ್ನು ಆ ಹಾಳೆ ನೋಡಿ ತೀರ್ಮಾನಿಸಿ. ಸರ್ವಿಸ್‌ನವರು ಹೇಳಿದ ಮೊತ್ತಕ್ಕೆ 18% ಜಿಎಸ್‌ಟಿ ಸೇರಿದೆಯೋ ಇಲ್ಲವೋ ಅಂತಲೂ ಆಗಲೇ ಕೇಳಿಬಿಡಿ.

ನಮ್ಮ ಕಡೆ ಸಿಸ್ಟಮ್ ನಿಲ್ಲುವುದಕ್ಕೆ ಹೆಚ್ಚಾಗಿ ಕಾರಣ ಏನು? ವೈರಸ್ಸೇ?

ಕರೆಂಟು ಮತ್ತು ಸಿಡಿಲು. ವೈರಸ್ ಆಮೇಲೆ.

ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಮೂರಕ್ಕೆ ಮೋಡ ಕವಿದು ಗುಡುಗಿದರೆ ನಾಲ್ಕಕ್ಕೆ ನನ್ನ ಫೋನ್ ಹೊಡೆದುಕೊಳ್ಳುತ್ತದೆ. "ನೆಟ್ ಇಲ್ಲ ಸಾರ್", "ಸಿಸ್ಟಮ್ ಆನೇ ಆಗ್ತಿಲ್ಲ". ಹೋಗಿ ನೋಡಿದರೆ ಸಿಡಿಲಿನ ಹೊಡೆತ ಒಳಗೆ ಬಂದ ದಾರಿ ಬಹಳ ಸಲ ಸಿಸಿಟಿವಿ ತಂತಿ. ಅಂಗಳದ ಕಂಬಕ್ಕೆ, ಗೋದಾಮಿನ ಮೂಲೆಗೆ, ಗೇಟಿಗೆ ಎಳೆದ ತಾಮ್ರದ ಕೇಬಲ್ ನೇರವಾಗಿ, ಎಲ್ಲಾ ಸಿಸ್ಟಮ್‌ಗಳ ಕೇಬಲ್ ಕೂಡುವ ಕಚೇರಿಯ ನೆಟ್‌ವರ್ಕ್ ಸ್ವಿಚ್‌ಗೆ ಬಂದು ಸೇರಿರುತ್ತದೆ. ಕ್ಯಾಮೆರಾ ಸುಟ್ಟಿತು, ರೆಕಾರ್ಡರ್ ಸುಟ್ಟಿತು, ಅದೇ ಸ್ವಿಚ್ಚಿನ ಮೂಲಕ ಲೆಕ್ಕದ ತಂತ್ರಾಂಶ ಟ್ಯಾಲಿ ಇರುವ ಸಿಸ್ಟಮ್ಮೂ ಹೋಯಿತು. ಕ್ಯಾಮೆರಾಗಳಿಗೆ ಬೇರೆ ಸ್ವಿಚ್ ಹಾಕಿ, ಅದಕ್ಕೂ ಕಚೇರಿಯ ಜಾಲಕ್ಕೂ ನಡುವೆ ಫೈಬರ್ ತುಂಡೊಂದನ್ನು ಹಾಕಿಸಿ. ಗಾಜಿನೆಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಹೊಸ ಸಿಸ್ಟಮ್ಮಿನ ಬೆಲೆಯ ಮುಂದೆ ಆ ಖರ್ಚು ತೀರಾ ಚಿಕ್ಕದು.

ಅರ್ಥಿಂಗ್ ಕೂಡ ನೋಡಿ. ಒಂದು ಮಿಲ್ಲಿನಲ್ಲಿ ಸಿಸ್ಟಮ್ಮಿನ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಿತ್ತು, ಮೂರು ತಿಂಗಳಲ್ಲಿ ಎರಡು ಎಸ್‌ಎಂಪಿಎಸ್ (ಸಿಸ್ಟಮ್ಮಿನೊಳಗೆ ಕರೆಂಟು ಹಂಚುವ ಪೆಟ್ಟಿಗೆ) ಹೋಗಿದ್ದವು. ಹಿಂಬದಿಗೆ ಹೋಗಿ ಅರ್ಥಿಂಗ್ ಗುಂಡಿ ನೋಡಿದೆ. ಬೇಸಿಗೆಗೆ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು, ತಂತಿಯ ಬೋಲ್ಟಿಗೆ ಹಸಿರು ಕಿಲುಬು. ಎಲೆಕ್ಟ್ರಿಷಿಯನ್ ಬೋಲ್ಟ್ ಉಜ್ಜಿ ಬಿಗಿ ಮಾಡಿ, ಗುಂಡಿಗೆ ನಾಲ್ಕು ಕೊಡ ನೀರು ಹಾಕಿದರು. ಜುಮ್ ಅನ್ನುವುದು ಆ ಸಂಜೆಯೇ ನಿಂತಿತು. ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕುವುದು ಯಾರ ಕೆಲಸ ಅನ್ನುವುದನ್ನು ಒಬ್ಬರ ಹೆಸರಿಗೆ ಬರೆದಿಡಿ.

ಯುಪಿಎಸ್ ವಿಷಯ. ಚಿಕ್ಕ ಯುಪಿಎಸ್ ಒಳಗೆ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಅವರ್‌ನ ಒಂದೇ ಒಂದು ಸೀಸದ ಬ್ಯಾಟರಿ ಇರುತ್ತದೆ. ಎರಡು-ಮೂರು ವರ್ಷಕ್ಕೆ ಅದರ ಕಥೆ ಮುಗಿಯುತ್ತದೆ. ಸೆಕೆಯ ಜಾಗದಲ್ಲಿ ಇನ್ನೂ ಬೇಗ: 25 ಡಿಗ್ರಿಯ ಮೇಲೆ ಸುಮಾರು 10 ಡಿಗ್ರಿ ಏರಿದರೆ ಸೀಸದ ಬ್ಯಾಟರಿಯ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ. ಹಸಿರು ದೀಪ ಉರಿಯುತ್ತಿದೆ ಅಂತ ನಂಬಬೇಡಿ. ತಿಂಗಳಿಗೊಮ್ಮೆ ಎಲ್ಲರೂ ಕೆಲಸ ಸೇವ್ ಮಾಡಿದ ಮೇಲೆ ಗೋಡೆಯ ಸ್ವಿಚ್ ಆರಿಸಿ ಎಷ್ಟು ನಿಮಿಷ ತಡೆಯುತ್ತದೆ ನೋಡಿ. ಬ್ಯಾಟರಿ ಹಾಕಿದ ದಿನಾಂಕವನ್ನು ಯುಪಿಎಸ್ ಮೇಲೆ ಮಾರ್ಕರ್‌ನಲ್ಲಿ ಬರೆಯಿರಿ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಾಕಬೇಡಿ, ಬಿಸಿಯಾಗುವಾಗ ಅದು ಎಳೆಯುವ ಕರೆಂಟಿಗೆ ಚಿಕ್ಕ ಯುಪಿಎಸ್ ಕುಸಿಯುತ್ತದೆ. ಫೈಬರ್ ರೂಟರ್‌ಗೆ ಅಂಗೈಯಗಲದ 12 ವೋಲ್ಟ್ ಯುಪಿಎಸ್ ಸಿಗುತ್ತದೆ, ಕರೆಂಟು ಹೋದರೂ ಗಂಟೆಗಟ್ಟಲೆ ನೆಟ್ ಇರುತ್ತದೆ.

ದಿನಾ ಬ್ಯಾಕಪ್ ಆಗುತ್ತಿದೆ. ಇನ್ನೇನು ಭಯ?

ಇದಕ್ಕೆ ನನ್ನದೇ ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಅಡಿಕೆ ಮಂಡಿಗೆ ರಾತ್ರಿ ಒಂಬತ್ತಕ್ಕೆ ತಾನೇ ಬ್ಯಾಕಪ್ ತೆಗೆದುಕೊಳ್ಳುವ ವ್ಯವಸ್ಥೆ ಮಾಡಿದ್ದೆ. ಪ್ರತಿದಿನ ನನ್ನ ಮೊಬೈಲಿಗೆ "ಯಶಸ್ವಿ" ಅಂತ ಸಂದೇಶ ಬರುತ್ತಿತ್ತು. ನಡುವೆ ಟ್ಯಾಲಿ ಹೊಸ ಆವೃತ್ತಿಗೆ ಏರಿಸಿದಾಗ ಲೆಕ್ಕದ ಫೋಲ್ಡರ್ ಸಿ ಡ್ರೈವಿನಿಂದ ಡಿ ಡ್ರೈವಿಗೆ ಹೋಯಿತು. ಬ್ಯಾಕಪ್ ಮಾತ್ರ ಹಳೆಯ ಜಾಗವನ್ನೇ ನಕಲು ಮಾಡುತ್ತಾ ಹೋಯಿತು. ನಾನು ಗಮನಿಸಲಿಲ್ಲ.

ನಾಲ್ಕು ತಿಂಗಳ ನಂತರ, ಸೀಸನ್ನಿನ ನಟ್ಟನಡುವೆ, ಡಿಸ್ಕ್ ಸತ್ತಿತು. ನಾನು ನಿಶ್ಚಿಂತೆಯಿಂದ ಬ್ಯಾಕಪ್ ತೆರೆದೆ. ಅಂಕಿಗಳ ಹೆಸರಿನ ಆ ಫೋಲ್ಡರ್ ಇತ್ತು, ಕಂಪನಿ ತೆರೆಯಿತು, ಕೊನೆಯ ವೋಚರ್‌ನ ದಿನಾಂಕ ನಾಲ್ಕು ತಿಂಗಳು ಹಿಂದಿನದು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಗುಮಾಸ್ತರು ಏನೂ ಅನ್ನಲಿಲ್ಲ. ಕಪಾಟಿನಿಂದ ಪಟ್ಟಿಯ ಕಾರ್ಬನ್ ಪ್ರತಿಗಳ ಕಟ್ಟನ್ನು ಇಳಿಸಿ, ದಾರ ಬಿಚ್ಚಿ, ಮೊದಲನೆಯದನ್ನು ಮೇಜಿನ ಮೇಲಿಟ್ಟರು. ಅವರೂ ಇನ್ನಿಬ್ಬರೂ ಸೇರಿ ಎಲ್ಲವನ್ನೂ ಮತ್ತೆ ಎಂಟ್ರಿ ಹಾಕಲು ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನ ನಾನೂ ಅಲ್ಲೇ ಕೂತು ಓದಿ ಹೇಳಿದೆ.

ಅಂದಿನಿಂದ ನಾನು "ಬ್ಯಾಕಪ್ ಆಗಿದೆಯಾ" ಅಂತ ಕೇಳುವುದಿಲ್ಲ. "ಕೊನೆಯ ಸಲ ವಾಪಸ್ ತೆರೆದು ನೋಡಿದ್ದು ಯಾವತ್ತು" ಅಂತ ಕೇಳುತ್ತೇನೆ. ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೆ ಸಿಸ್ಟಮ್ಮಿಗೆ ಹಾಕಿ, ಟ್ಯಾಲಿ ತೆರೆದು, ಕೊನೆಯ ಬಿಲ್ಲಿನ ನಂಬರನ್ನು ಕೈಯಲ್ಲಿರುವ ಕಾಗದದ ಬಿಲ್ಲಿಗೆ ತಾಳೆ ನೋಡಬೇಕು. ಎಷ್ಟು ಹೊತ್ತು ಹಿಡಿಯಿತು ಅಂತಲೂ ಬರೆದಿಡಬೇಕು, ನಿಜವಾಗಿ ಕೆಟ್ಟ ದಿನ ಅಷ್ಟು ಹೊತ್ತಂತೂ ಬೇಕೇ ಬೇಕು. ನೀವು ಯಾರನ್ನೇ ಸೇವೆಗೆ ಇಟ್ಟುಕೊಳ್ಳಿ, ಇದೊಂದನ್ನು ಅವರಿಂದ ಮಾಡಿಸಿ. ಈ ಪುಟದಲ್ಲಿ ಒಂದೇ ಒಂದು ಉತ್ತರವನ್ನು ನೀವು ಪಾಲಿಸುವುದಾದರೆ ಅದು ಇದೇ ಆಗಿರಲಿ.

ಎಷ್ಟು ಪ್ರತಿ ಇಡಬೇಕು ಅನ್ನುವುದಕ್ಕೆ 3-2-1 ಅನ್ನುವ ರೂಢಿ ಇದೆ: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಕಟ್ಟಡದಿಂದ ಹೊರಗೆ. ಸಿಸ್ಟಮ್ಮಿಗೇ ಸದಾ ಚುಚ್ಚಿಟ್ಟ ಪೆನ್ ಡ್ರೈವ್ ಬ್ಯಾಕಪ್ ಅಲ್ಲ. ಸಿಡಿಲಿಗೆ ಎರಡೂ ಒಟ್ಟಿಗೆ ಹೋಗುತ್ತವೆ, ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದರೂ ಎರಡೂ ಒಟ್ಟಿಗೆ ಹೋಗುತ್ತವೆ.

ರ‍್ಯಾನ್ಸಮ್‌ವೇರ್ ನಮ್ಮಂಥ ಚಿಕ್ಕವರ ಹತ್ತಿರ ಯಾಕೆ ಬರುತ್ತದೆ?

ನೀವು ಯಾರೆಂದು ನೋಡಿ ಬರುವುದಿಲ್ಲ, ತೆರೆದ ಬಾಗಿಲು ಹುಡುಕಿಕೊಂಡು ಬರುತ್ತದೆ. ನಮ್ಮ ಕಡೆ ಆ ಬಾಗಿಲು ತೆರೆಯುವುದು ಹೀಗೆ: ಮಾಲೀಕರು ಮನೆಯಿಂದ ಟ್ಯಾಲಿ ನೋಡಬೇಕು ಅನ್ನುತ್ತಾರೆ, ಯಾರೋ ಬಂದು ರಿಮೋಟ್ ಡೆಸ್ಕ್‌ಟಾಪನ್ನು ರೂಟರ್ ಮೂಲಕ ನೇರ ಇಂಟರ್‌ನೆಟ್‌ಗೆ ತೆರೆದು ಹೋಗುತ್ತಾರೆ, ಪಾಸ್‌ವರ್ಡ್ ಅಂಗಡಿಯ ಹೆಸರು ಮತ್ತು 123. ಜಗತ್ತಿನ ಯಾವುದೋ ಮೂಲೆಯ ತಂತ್ರಾಂಶ ಹಗಲು-ರಾತ್ರಿ ರಿಮೋಟ್ ಡೆಸ್ಕ್‌ಟಾಪಿನ ಬಾಗಿಲಾದ 3389 ಸಂಖ್ಯೆಯ ಪೋರ್ಟನ್ನು ತಟ್ಟುತ್ತಲೇ ಇರುತ್ತದೆ. ಹೊರಗಿಂದ ನೋಡುವುದು ಬೇಕಾದರೆ ವಿಪಿಎನ್ (ಗೂಢಲಿಪಿಯ ಖಾಸಗಿ ಸಂಪರ್ಕ) ಮೂಲಕ, ಒಟಿಪಿ ಸಹಿತ ಮಾಡಿಸಿಕೊಳ್ಳಿ. ಇವತ್ತೇ ನಿಮ್ಮ ಸರ್ವಿಸ್‌ನವರಿಗೆ ಫೋನ್ ಮಾಡಿ "3389 ಹೊರಗಿಂದ ತೆರೆದಿದೆಯಾ" ಅಂತ ಕೇಳಿ.

ಎರಡನೆಯ ಬಾಗಿಲು ಅಪ್‌ಡೇಟ್ ಮಾಡದ ವಿಂಡೋಸ್. ವಾನಾಕ್ರೈ 2017ರ ಮೇ 12ರಂದು ಜಗತ್ತಿನ ತುಂಬಾ ಹರಡಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಎರಡು ತಿಂಗಳು ಅವಕಾಶವಿತ್ತು.

ಹೊಡೆತ ಬಿದ್ದರೆ ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತು ವೈಫೈ ಆರಿಸಿ, ಉಳಿದ ಸಿಸ್ಟಮ್‌ಗಳಿಗೆ ಹರಡದಿರಲಿ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. 2022ರ ಏಪ್ರಿಲ್ 28ರ, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಿರ್ದೇಶನದ ಪ್ರಕಾರ ಇಂಥ ಘಟನೆಯನ್ನು ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟಿರಬೇಕು. ಈ ವರದಿ ಬರೆಯುವವರು ಯಾರು ಅನ್ನುವುದು ಒಪ್ಪಂದದಲ್ಲೇ ಇರಲಿ. ಹಣ ಕೊಡುವ ಯೋಚನೆಗೆ ಮೊದಲು "ನೋ ಮೋರ್ ರ‍್ಯಾನ್ಸಮ್" ತಾಣದಲ್ಲಿ ನಿಮ್ಮ ಫೈಲಿಗೆ ಉಚಿತ ಬೀಗದಕೈ ಇದೆಯೇ ನೋಡಿಸಿ.

ಎಎಂಸಿ ಕಾಗದದಲ್ಲಿ ಏನೇನು ಇರಬೇಕು?

"ನಾಲ್ಕು ಗಂಟೆಯೊಳಗೆ ಸ್ಪಂದಿಸುತ್ತೇವೆ" ಅಂತ ಬರೆದಿರುತ್ತಾರೆ. ಸ್ಪಂದನೆ ಅಂದರೆ ಫೋನ್ ಎತ್ತಿ "ನೋಡುತ್ತೇವೆ" ಅಂದರೂ ಆಯಿತು. ನಿಮಗೆ ಬೇಕಾದದ್ದು ಎಷ್ಟು ಹೊತ್ತಿನಲ್ಲಿ ಮತ್ತೆ ಬಿಲ್ ಹೊಡೆಯಬಹುದು ಅನ್ನುವುದು. ಎರಡನ್ನೂ ಬೇರೆ ಬೇರೆ ಬರೆಸಿ. ಎಲ್ಲದಕ್ಕೂ ಒಂದೇ ಗಡುವು ಬೇಡ: ಬಿಲ್ಲಿಂಗ್ ಸಿಸ್ಟಮ್ ಎರಡು ಗಂಟೆ, ಮ್ಯಾನೇಜರರ ಲ್ಯಾಪ್‌ಟಾಪ್ ಮರುದಿನ. ಗಡುವು ಮೀರಿದರೆ ತಿಂಗಳ ಬಿಲ್ಲಿನಲ್ಲಿ ಎಷ್ಟು ಕಡಿತ ಅನ್ನುವುದೂ ಇರಲಿ.

ಬಿಡಿಭಾಗ ಸೇರಿದ ಎಎಂಸಿಯೋ, ಬರೀ ಕೂಲಿಯದೋ ಕೇಳಿ. ಬರೀ ಕೂಲಿಯದಾದರೂ ತೊಂದರೆಯಿಲ್ಲ, ಆದರೆ ಒಂದು ಎಸ್‌ಎಂಪಿಎಸ್, ಒಂದು ರೂಟರ್, ಒಂದು ಎಸ್‌ಎಸ್‌ಡಿ, ಕೀಬೋರ್ಡ್-ಮೌಸ್ ನಿಮ್ಮ ಕಪಾಟಿನಲ್ಲೇ ಇರಲಿ. ರಾತ್ರಿ ಏಳರ ಮೇಲೆ ಊರಿನಲ್ಲಿ ರೂಟರ್ ಹುಡುಕುವ ಪಾಡು ನಿಮಗೆ ಬೇಡ. ಭಾನುವಾರ, ಹಬ್ಬ, ಮಾರ್ಚ್ ಕೊನೆಯ ವಾರ ಇವುಗಳ ಬಗ್ಗೆಯೂ ಸ್ಪಷ್ಟವಾಗಿ ಬರೆಸಿ.

"99 ಪ್ರತಿಶತ ಅಪ್‌ಟೈಮ್" ಅನ್ನುತ್ತಾರೆ. ಒಳ್ಳೆಯದಲ್ಲವೇ?

ವರ್ಷಕ್ಕೆ 8,760 ಗಂಟೆ. 99 ಪ್ರತಿಶತ ಅಂದರೆ ವರ್ಷದಲ್ಲಿ ಸುಮಾರು ಮೂರೂವರೆ ದಿನ ನಿಂತರೂ ಅವರು ಮಾತು ತಪ್ಪಿದ ಹಾಗಲ್ಲ. 99.9 ಆದರೆ ಎಂಟೂ ಮುಕ್ಕಾಲು ಗಂಟೆ. ಆ ಮೂರು ದಿನ ತಿಂಗಳ ರಿಟರ್ನಾದ ಜಿಎಸ್‌ಟಿಆರ್-3ಬಿ ಹಾಕುವ 20ನೇ ತಾರೀಖಿನ ಆಸುಪಾಸಿಗೇ ಬಂದರೆ ಏನಾಗುತ್ತದೆ ಯೋಚಿಸಿ. ತಿಂಗಳ ಲೆಕ್ಕವನ್ನು, ಅದೂ ಕಚೇರಿ ಸಮಯದ ಲೆಕ್ಕವನ್ನು ಕೇಳಿ.

ಎನಿಡೆಸ್ಕ್‌ನಲ್ಲೇ ಎಲ್ಲಾ ಸರಿಮಾಡುತ್ತೇವೆ ಅನ್ನುವವರು ಕಡಿಮೆ ದುಡ್ಡು ಕೇಳುತ್ತಾರೆ. ಅವರೇ ಸಾಕೇ?

ದಿನನಿತ್ಯದ ತೊಂದರೆಗಳಲ್ಲಿ ಬಹುಪಾಲು ದೂರದಿಂದಲೇ ಸರಿಹೋಗುತ್ತದೆ, ನಿಮ್ಮ ಸಮಯವೂ ಉಳಿಯುತ್ತದೆ. ಆದರೆ ಸಿಸ್ಟಮ್ ಆನ್ ಆಗದಿದ್ದರೆ ಎನಿಡೆಸ್ಕ್ ಯಾವುದಕ್ಕೆ? 2024ರ ಜುಲೈ 19ರಂದು ಭದ್ರತಾ ತಂತ್ರಾಂಶ ಕಂಪನಿಯಾದ ಕ್ರೌಡ್‌ಸ್ಟ್ರೈಕ್‌ನ ಒಂದು ದೋಷಪೂರಿತ ಅಪ್‌ಡೇಟಿಗೆ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಂದು ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅಪ್‌ಡೇಟನ್ನು ಕಂಪನಿ ಬೇಗನೆ ಹಿಂತೆಗೆದುಕೊಂಡರೂ, ಬಿದ್ದುಹೋಗಿದ್ದ ಬಹಳಷ್ಟು ಯಂತ್ರಗಳ ಮುಂದೆ ಒಬ್ಬರು ಕೂತು ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸಬೇಕಾಯಿತು.

ಹಾಗಾಗಿ ಬೆಂಗಳೂರಿನ ಕಂಪನಿಯಾದರೂ ಸರಿ, ನಿಮ್ಮ ಊರಿನಲ್ಲಿ ಅವರ ಕೈ ಒಂದಿದೆಯೇ ಕೇಳಿ. ಮಳೆಗಾಲದಲ್ಲಿ ದಾರಿಯಲ್ಲಿ ಮರ ಬಿದ್ದಿದ್ದರೆ ತೀರ್ಥಹಳ್ಳಿಯ ಲ್ಯಾಬಿಗೆ ಯಾರು ತಲುಪುತ್ತಾರೆ ಅನ್ನುವುದು ಕೇಳಲೇಬೇಕಾದ ಪ್ರಶ್ನೆ.

ಹೊರಗಿನವರ ಕೈಗೆ ಎಲ್ಲಾ ಪಾಸ್‌ವರ್ಡ್ ಕೊಡುವುದು ಅಪಾಯವಲ್ಲವೇ?

ಅಪಾಯ ಇದೆ. 2021ರ ಜುಲೈ 2ರಂದು ಐಟಿ ಸೇವೆ ಕೊಡುವವರೇ ಬಳಸುವ ಕಸೇಯಾ ತಂತ್ರಾಂಶದ ಮೂಲಕ ರ‍್ಯಾನ್ಸಮ್‌ವೇರ್ ನುಗ್ಗಿ, ಅವರು ನೋಡಿಕೊಳ್ಳುತ್ತಿದ್ದ ಹೆಚ್ಚೆಂದರೆ 1,500 ವ್ಯವಹಾರಗಳಿಗೆ ತಟ್ಟಿತು ಎಂದು ಆ ಕಂಪನಿಯೇ ಅಂದಾಜಿಸಿತು. ಸ್ವೀಡನ್ನಿನ ಕೂಪ್ ದಿನಸಿ ಮಳಿಗೆಗಳು ನೂರಾರು ಸಂಖ್ಯೆಯಲ್ಲಿ ಬಾಗಿಲು ಹಾಕಿದವು, ಬಿಲ್ಲಿಂಗ್ ಯಂತ್ರ ನೋಡಿಕೊಳ್ಳುತ್ತಿದ್ದವರು ಸಿಕ್ಕಿಬಿದ್ದಿದ್ದರಿಂದ. ನಮ್ಮಲ್ಲೂ 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಸೇವಾ ಸಂಸ್ಥೆಯ ಮೇಲೆ ದಾಳಿಯಾಗಿ, ಯುಪಿಐ ನಡೆಸುವ ಎನ್‌ಪಿಸಿಐ ಅದರ ಸಂಪರ್ಕ ಕಡಿದಾಗ, ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ನಿಂತಿತ್ತು.

ಹೊರಗಿನವರು ಬೇಡ ಅಂತ ನಾನು ಇದರಿಂದ ಹೇಳುತ್ತಿಲ್ಲ. ಬೀಗದಕೈ ನಿಮ್ಮ ಹತ್ತಿರವೂ ಇರಲಿ ಅಂತ ಹೇಳುತ್ತಿದ್ದೇನೆ. ಅಡ್ಮಿನ್ ಪಾಸ್‌ವರ್ಡ್‌ನ ಒಂದು ಪ್ರತಿ ಮುಚ್ಚಿದ ಲಕೋಟೆಯಲ್ಲಿ ನಿಮ್ಮ ತಿಜೋರಿಯಲ್ಲಿರಬೇಕು. ಸರ್ವಿಸ್‌ನವರಿಗೆ ಅವರದೇ ಬೇರೆ ಲಾಗಿನ್ ಇರಬೇಕು, ಬೇಕೆಂದಾಗ ನೀವು ಅದನ್ನು ಮುಚ್ಚುವಂತಿರಬೇಕು. ಡೊಮೈನ್ ಹೆಸರು, ಇಮೇಲ್ ಖಾತೆ, ಟ್ಯಾಲಿ ಲೈಸೆನ್ಸ್ ನಿಮ್ಮ ಸಂಸ್ಥೆಯ ಹೆಸರಿನಲ್ಲಿ, ನಿಮ್ಮ ಮೊಬೈಲ್ ನಂಬರಿನಲ್ಲಿ ಇರಬೇಕು. ಕಟ್ಟಡದ ಹೊರಗಿನ ಬ್ಯಾಕಪ್ ಪ್ರತಿಯನ್ನು ಅಳಿಸುವ ಅಧಿಕಾರ ಸರ್ವಿಸ್‌ನವರಿಗೂ ಇರಬಾರದು.

ಲಾರಿ ಲೋಡಾಗಿ ನಿಂತಿದೆ, ಇ-ವೇ ಬಿಲ್ ಆಗುತ್ತಿಲ್ಲ. ಸರ್ವಿಸ್‌ನವರು ಏನು ಮಾಡಬಹುದು?

ಎಷ್ಟೋ ಸಲ ಸಿಸ್ಟಮ್ ಸರಿಯಾಗಿಯೇ ಇರುತ್ತದೆ. 2025ರ ಏಪ್ರಿಲ್ 1ರಿಂದ ಇ-ವೇ ಬಿಲ್, ಇ-ಇನ್‌ವಾಯ್ಸ್ ಪೋರ್ಟಲ್‌ಗೆ ಎಲ್ಲರಿಗೂ ಒಟಿಪಿ ಕಡ್ಡಾಯವಾಗಿದೆ. ಒಟಿಪಿ ಹೋಗುವ ನಂಬರ್ ಮಾಲೀಕರದು, ಮಾಲೀಕರು ಮದುವೆ ಮನೆಯಲ್ಲಿ. ಬಿಲ್ ಮಾಡುವ ಪ್ರತಿಯೊಬ್ಬರಿಗೂ ಅವರವರ ನಂಬರಿನಲ್ಲಿ ಉಪ-ಬಳಕೆದಾರ ಲಾಗಿನ್ ಮಾಡಿಸಿಟ್ಟರೆ ಈ ತೊಂದರೆ ಹೋಗುತ್ತದೆ. ಅರ್ಧ ಗಂಟೆಯ ಕೆಲಸ.

ನೆಟ್ ಹೋಗಿದ್ದರೆ ಮೊಬೈಲ್ ಹಾಟ್‌ಸ್ಪಾಟ್ ಇದೆ. ಆದರೆ ಅದನ್ನು ಹಾಕಿಕೊಳ್ಳುವುದು ಹೇಗೆ ಅಂತ ಬಿಲ್ಲಿಂಗ್ ಹುಡುಗಿಗೆ ಮೊದಲೇ ತೋರಿಸಿರಬೇಕು. ಎರಡು ನೆಟ್ ತೆಗೆದುಕೊಳ್ಳುವುದಾದರೆ ಎರಡೂ ಒಂದೇ ಕಂಬದ ಮೇಲೆ ಬರದಿರಲಿ. ವಾರ್ಷಿಕ ವಹಿವಾಟು ₹10 ಕೋಟಿ ಮುಟ್ಟಿದವರು ಇ-ಇನ್‌ವಾಯ್ಸನ್ನು 30 ದಿನದೊಳಗೆ ಪೋರ್ಟಲ್‌ಗೆ ಹಾಕಲೇಬೇಕು. ಸಿಸ್ಟಮ್ ಕೆಟ್ಟಿತ್ತು ಅನ್ನುವುದನ್ನು ಪೋರ್ಟಲ್ ಕೇಳುವುದಿಲ್ಲ.

ವಿಂಡೋಸ್ 10 ಇರುವ ಹಳೆಯ ಸಿಸ್ಟಮ್‌ಗಳು ಚೆನ್ನಾಗಿಯೇ ನಡೆಯುತ್ತಿವೆ. ಬದಲಾಯಿಸಲೇಬೇಕೇ?

2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿದಿದೆ, ಅಂದರೆ ಭದ್ರತಾ ಬಿರುಕು ಮುಚ್ಚುವ ಸಾಮಾನ್ಯ ಅಪ್‌ಡೇಟ್‌ಗಳು ನಿಂತಿವೆ. ಎಲ್ಲವನ್ನೂ ಒಂದೇ ಸಲ ಬದಲಾಯಿಸಲು ಕೈಲಾಗದಿದ್ದರೆ ಬ್ಯಾಂಕಿಂಗ್ ಮತ್ತು ಇಮೇಲ್ ನಡೆಯುವ ಸಿಸ್ಟಮ್ಮಿನಿಂದ ಶುರು ಮಾಡಿ. ತೂಕದ ಸೇತುವೆಯ ಸಿಸ್ಟಮ್ಮಿನಂಥವನ್ನು ಇಂಟರ್‌ನೆಟ್‌ನಿಂದ ಬೇರ್ಪಡಿಸಿ ಇನ್ನೊಂದಿಷ್ಟು ಕಾಲ ನಡೆಸಬಹುದು.

ಎಲ್ಲವನ್ನೂ ಕ್ಲೌಡ್‌ಗೆ ಹಾಕಿದರೆ ಈ ರಗಳೆ ಇರುವುದಿಲ್ಲವಲ್ಲ?

ಸಿಡಿಲು ಮತ್ತು ಡಿಸ್ಕಿನ ರಗಳೆ ಕಡಿಮೆಯಾಗುತ್ತದೆ, ನೆಟ್ಟಿನ ಮೇಲಿನ ಅವಲಂಬನೆ ಹೆಚ್ಚುತ್ತದೆ. ನಗರದಲ್ಲಿರುವ ಕಚೇರಿಗೆ ಧಾರಾಳವಾಗಿ ಹೇಳುತ್ತೇನೆ. ಮಳೆಗಾಲದಲ್ಲಿ ದಿನಗಟ್ಟಲೆ ಫೈಬರ್ ಕಡಿದುಹೋಗುವ ಹೊಸನಗರದ ಕಡೆಯ ಸಂಘಕ್ಕೆ ಹೇಳಲಾರೆ. ಅಲ್ಲಿ ಕೆಲಸ ಸ್ಥಳೀಯವಾಗಿ ನಡೆಯಲಿ, ಪ್ರತಿ ಮಾತ್ರ ಕ್ಲೌಡ್‌ಗೆ ಹೋಗಲಿ.

ಈಗಿನ ಸರ್ವಿಸ್‌ನವರನ್ನು ಬದಲಾಯಿಸಬೇಕು ಅಂತಿದ್ದೇವೆ. ಹೇಗೆ?

ಜಗಳ ಮಾಡಿಕೊಂಡು ಬದಲಾಯಿಸಬೇಡಿ. ಮೊದಲು ಯಾವ ಸಿಸ್ಟಮ್ ಎಲ್ಲಿದೆ, ಯಾವ ಕೇಬಲ್ ಎಲ್ಲಿಗೆ ಹೋಗುತ್ತದೆ, ರೂಟರ್, ಸರ್ವರ್, ಸಿಸಿಟಿವಿಯ ಪಾಸ್‌ವರ್ಡ್‌ಗಳೇನು, ಯಾವ ಲೈಸೆನ್ಸ್ ಯಾವತ್ತು ಮುಗಿಯುತ್ತದೆ, ಇಷ್ಟನ್ನೂ ಬರೆಸಿ ಪಡೆಯಿರಿ. ಹೊಸಬರೂ ಹಳಬರೂ ಎರಡು ವಾರ ಒಟ್ಟಿಗೆ ಇರಲಿ, ಆ ಎರಡು ವಾರದ ದುಡ್ಡನ್ನು ಹಳಬರಿಗೆ ಪೂರ್ತಿ ಕೊಡಿ. ಆ ಅವಧಿಯಲ್ಲೇ ಹೊಸಬರ ಕೈಯಿಂದ ನಿಮ್ಮ ಬ್ಯಾಕಪ್ಪನ್ನು ಒಂದು ಖಾಲಿ ಸಿಸ್ಟಮ್ಮಿಗೆ ಹಾಕಿಸಿ, ನಿಮ್ಮ ಲೆಕ್ಕದವರನ್ನು ಪಕ್ಕದಲ್ಲಿ ಕೂರಿಸಿ, ಕೊನೆಯ ಬಿಲ್ ತೆರೆಸಿ ನೋಡಿ. ಅದು ತೆರೆದ ದಿನ ಸಂಜೆ ಹಳಬರ ಲಾಗಿನ್ ಮುಚ್ಚಿ ಎಲ್ಲಾ ಪಾಸ್‌ವರ್ಡ್ ಬದಲಾಯಿಸಿ.